ಶಿಡ್ಲಘಟ್ಟ: ರೀಲಿಂಗ್ ಘಟಕಗಳಿಗೆಲ್ಲ ಸೇರಿ ಒಂದೇ ಬಾಯ್ಲರ್, ಜೊತೆಗೆ ಕರೆಂಟೂ ಸಿಗುತ್ತಾ? ಲೆಕ್ಕ ಕೂಡುತ್ತಾ?

ನೂಲುಬೀದಿ

ಪ್ರಸ್ತಾಪ ಇದು. ಶಿಡ್ಲಘಟ್ಟದಲ್ಲಿ ಹತ್ತಿರ ಹತ್ತಿರ ಇರುವ 30 ರೀಲಿಂಗ್ ಘಟಕ, ಅಂದರೆ ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವ ಕಡೆ. ಸಣ್ಣ ಕಾಟೇಜ್ ಬೇಸಿನ್ನೂ ಇವೆ, ಒಂದೇ ಸಲ ಹಲವು ಎಳೆ ತೆಗೆಯುವ ಮಲ್ಟಿ ಎಂಡೂ ಇವೆ. ಪ್ರತಿಯೊಂದಕ್ಕೂ ಅದರದೇ ಒಲೆ, ಅದರದೇ ಸೌದೆ, ಅದರದೇ ಹೊಗೆ. ಯುರೋಪಿನಲ್ಲಿ ಇಡೀ ಊರಿಗೆ ಒಂದೇ ಕಡೆಯಿಂದ ಬಿಸಿನೀರು ಹರಿಸ್ತಾರಲ್ಲ, ಆ ರೀತಿ ಒಂದು ಬಾಯ್ಲರ್ ಮನೆ ಕಟ್ಟಿ ಬೀದಿಬೀದಿಗೆ ಪೈಪ್ ಎಳೆದರೆ ಹೇಗೆ? ಜೊತೆಗೇ ಸ್ವಲ್ಪ ಕರೆಂಟೂ ತಯಾರಾದರೆ?

ಕೈಯಲ್ಲಿರುವ ಅಂಕಿ: ಘಟಕಕ್ಕೆ ದಿನಕ್ಕೆ ಅಂದಾಜು 150 ಕೆಜಿ ಸೌದೆ, 10 ಗಂಟೆ ಕೆಲಸ, ವರ್ಷಕ್ಕೆ 300 ದಿನ. ಸೌದೆ ಕೆಜಿಗೆ 5 ರೂ. ಅಂತ ಹಿಡಿದಿದೀನಿ. ಪೈಪಿನ ಹಾದಿ ನಕ್ಷೆಯಲ್ಲಿ ಅಳೆದರೆ 900 ಮೀಟರ್. ಗೂಡು ಬೇಯಿಸೋಕೆ 95 ಡಿಗ್ರಿ ಮೇಲೆ ಬೇಕು, ನೂಲು ತೆಗೆಯುವ ಬೇಸಿನ್‌ಗೆ 40–45 ಸಾಕು. ಬಂಡವಾಳ ಎಲ್ಲಿಂದ ತರೋದು, ಬ್ಯಾಂಕ್ ಇದನ್ನ ಒಪ್ಪುತ್ತಾ ಅನ್ನೋದೂ ಪ್ರಶ್ನೆಯೇ.

ಪೈಪ್‌ಲೆಕ್ಕ

ಮೊದಲು ಶಾಖದ ಲೆಕ್ಕ. ಗಾಳಿಗೆ ಒಣಗಿದ ಸೌದೆಗೆ ಕೆಜಿಗೆ 3,500 ಕಿಲೋಕ್ಯಾಲರಿ ಇಟ್ಟುಕೊಳ್ಳಿ. ಸಾದಾ ಒಲೆಯ ದಕ್ಷತೆ ಶೇ. 25 ಅಂದರೆ 150 ಕೆಜಿಯಿಂದ ನೀರಿಗೆ ಸೇರುವುದು 1,31,000 ಕಿಲೋಕ್ಯಾಲರಿ, ಅಂದರೆ 153 ಯೂನಿಟ್ (ಕಿಲೋವ್ಯಾಟ್ ಗಂಟೆ) ಶಾಖ. 30 ಘಟಕಕ್ಕೆ ದಿನಕ್ಕೆ 4,580 ಯೂನಿಟ್, ವರ್ಷಕ್ಕೆ 1,375 ಮೆಗಾವ್ಯಾಟ್ ಗಂಟೆ. ಸರಾಸರಿ ಹೊರೆ 458 ಕಿಲೋವ್ಯಾಟ್. ಬೆಳಿಗ್ಗೆ ಎಲ್ಲರೂ ಒಟ್ಟಿಗೆ ತಣ್ಣೀರು ಕಾಯಿಸೋಕೆ ನಿಂತಾಗ ಅದರ ಎರಡರಷ್ಟು, 900 ಅಂತಿಟ್ಟುಕೊಳ್ಳೋಣ.

ಯಾವ ಶಾಖ ಜಾಲಕ್ಕೂ ಮೊದಲು ನೋಡುವ ಅಂಕಿ ಒಂದೇ: ವರ್ಷಕ್ಕೆ ಮಾರುವ ಶಾಖವನ್ನ ಪೈಪ್ ಹಾದಿಯ ಉದ್ದದಿಂದ ಭಾಗಿಸಿ. ಇಲ್ಲಿ 1,375 ಭಾಗಿಸು 900, ಮೀಟರಿಗೆ 1.5 ಮೆಗಾವ್ಯಾಟ್ ಗಂಟೆ. ಇಂಥ ಜಾಲಗಳು ಸಾಮಾನ್ಯವಾಗಿರುವ ಉತ್ತರ ಯುರೋಪಿನಲ್ಲೂ ಒಂದೂವರೆ–ಎರಡಕ್ಕಿಂತ ಕೆಳಗಿಳಿದರೆ ಯೋಚನೆ ಮಾಡ್ತಾರೆ. ನೀವು ಸರಿಯಾಗಿ ಗೆರೆಯ ಮೇಲೆ ನಿಂತಿದೀರಿ.

ನಮಗಿರುವ ಒಂದು ಅನುಕೂಲ ನೆಲದ ಬಿಸಿ. ಕಾರ್ಖಾನೆಯಲ್ಲೇ ಫೋಮ್ ಹೊದಿಸಿ ಬರುವ ಪೈಪ್ ಹೂತರೆ, ನೀರು 90 ಡಿಗ್ರಿಯಲ್ಲಿ ಹೋಗಿ 60ರಲ್ಲಿ ವಾಪಸ್ ಬರುವ ಪೈಪ್ ಜೋಡಿಗೆ ಇಲ್ಲಿನ 27 ಡಿಗ್ರಿ ಮಣ್ಣಲ್ಲಿ ಮೀಟರಿಗೆ ಸುಮಾರು 21 ವ್ಯಾಟ್ ಸೋರಿಕೆ. ಅದೇ ಪೈಪ್ 8 ಡಿಗ್ರಿ ಮಣ್ಣಲ್ಲಿದ್ದರೆ 30ರ ಹತ್ತಿರ. ಅನನುಕೂಲ ಕೆಲಸದ ಗಂಟೆ: ಅಲ್ಲಿ ಜಾಲ ವರ್ಷಪೂರ್ತಿ ಓಡುತ್ತೆ, ಇಲ್ಲಿ 3,000 ಗಂಟೆ ಮಾತ್ರ.

ಬಾಯ್ಲರ್ ಸೈಡ್

90 ಡಿಗ್ರಿ ನೀರಲ್ಲಿ ಗೂಡು ಬೇಯಲ್ಲ ಸಾರ್. ಅಲ್ಲಿಗೇ ಮೊದಲನೇ ಡಿಸೈನ್ ಮುಗೀತು.

ಶಿಡ್ಲಘಟ್ಟ ಸಮುದ್ರಮಟ್ಟದಿಂದ 900 ಮೀಟರಿನ ಆಸುಪಾಸು ಎತ್ತರದಲ್ಲಿದೆ, ನೀರು ಕುದಿಯೋದೇ 97ಕ್ಕೆ. ಬೇಯಿಸುವ ಬೇಸಿನ್ 96ರಲ್ಲಿ ನಿಲ್ಲಬೇಕಂದರೆ ತೊಟ್ಟಿಯಲ್ಲಿ ಮುಳುಗಿರುವ ಸುರುಳಿ ಪೈಪ್, ಅಂದರೆ ಕಾಯಿಲ್‌ನೊಳಗೆ ಅದಕ್ಕಿಂತ ಚೆನ್ನಾಗಿ ಬಿಸಿ ಇರಬೇಕು. ಒತ್ತಡದಲ್ಲಿ 115 ಡಿಗ್ರಿ ನೀರು ಕಳಿಸ್ತೀವಿ ಅಂತಿಟ್ಟುಕೊಳ್ಳಿ. ಕಾಯಿಲ್ ಒಳಗೆ 115ರಲ್ಲಿ ನುಗ್ಗಿ 100ರಲ್ಲಿ ಹೊರಬಂದರೆ ಸರಾಸರಿ ತಾಪದ ಅಂತರ ಸುಮಾರು 9.6 ಡಿಗ್ರಿ. ಅದೇ ಕಾಯಿಲ್‌ಗೆ 3 ಬಾರ್ ಒತ್ತಡದ ಸ್ಟೀಮ್ ಕೊಟ್ಟರೆ ಅದು 144 ಡಿಗ್ರಿ, ಅಂತರ 48. ಅಂದರೆ ಬಿಸಿನೀರಿಗೆ ಕಡಿಮೆ ಅಂದರೂ ಐದು ಪಟ್ಟು ಕಾಯಿಲ್ ಬೇಕು. ಕಾಟೇಜ್ ಬೇಸಿನ್ನಿನ ಆ ಸಣ್ಣ ತೊಟ್ಟಿಯೊಳಗೆ ಅಷ್ಟು ಕಾಯಿಲ್ ತುರುಕಿದರೆ ಗೂಡು ಎಲ್ಲಿ ಹಾಕ್ತೀರಿ?

ಇನ್ನೂ ಬಿಸಿ ಮಾಡೋಣ ಅಂದರೆ ಆ ಫೋಮ್ ಪೈಪಿಗೆ ನಿರಂತರ ತಾಪದ ಮಿತಿ 120. ಪ್ಲಾಸ್ಟಿಕ್ ಪೆಕ್ಸ್ ಪೈಪಾದರೆ 95ಕ್ಕೇ ಕೈ ಎತ್ತುತ್ತೆ.

ಕಾನೂನಿನ ಮಾತು. 100 ಡಿಗ್ರಿಗಿಂತ ಕೆಳಗೆ ನೀರು ಕಾಯಿಸುವ ಪಾತ್ರೆ ಬಾಯ್ಲರ್ ವ್ಯಾಖ್ಯೆಯಿಂದ ಹೊರಗೆ. 115ಕ್ಕೆ ಹೋದರೆ ಕಾಯ್ದೆಯೊಳಗೆ ಅಂತಲೇ ತಿಳಿದು ಬಜೆಟ್ ಹಾಕಿ, ಆಮೇಲೆ ಇನ್‌ಸ್ಪೆಕ್ಟರ ಹತ್ತಿರ ಖಚಿತ ಮಾಡಿಕೊಳ್ಳಿ. 1923ರ ಕಾಯ್ದೆ ಹೋಗಿ 2025ರ ಬಾಯ್ಲರ್ ಕಾಯ್ದೆ ಬಂದಿದೆ, ಹಳೇ ಪುಸ್ತಕ ನೋಡಿ ಅರ್ಜಿ ಬರೀಬೇಡಿ.

ನೂಲುಬೀದಿ

ಹಾಗಾದರೆ ನೇರವಾಗಿ ಸ್ಟೀಮೇ ಕಳಿಸಿದರೆ?

ಪೈಪ್‌ಲೆಕ್ಕ

ಕಳಿಸಬಹುದು, ಆದರೆ 900 ಮೀಟರ್ ಕಳಿಸಬೇಡಿ. ಸ್ಟೀಮ್ ಲೈನಿಗೆ ಉದ್ದ ಅನ್ನೋದೇ ಶತ್ರು. ಪ್ರತಿ 30–50 ಮೀಟರಿಗೆ ನೀರು ಕೂಡುವ ಒಂದು ಡ್ರಿಪ್ ಪಾಕೆಟ್, ಅದಕ್ಕೆ ಸ್ಟೀಮ್ ಬಿಡದೆ ನೀರು ಮಾತ್ರ ಹೊರಬಿಡುವ ಒಂದು ಟ್ರ್ಯಾಪ್, ಹರಿಯುವ ದಿಕ್ಕಿಗೆ ಇಳಿಜಾರು, ಹಿಗ್ಗುವುದಕ್ಕೆ ಲೂಪ್. ಉಕ್ಕು ಮೀಟರಿಗೆ ಡಿಗ್ರಿಗೆ 0.012 ಮಿ.ಮೀ. ಹಿಗ್ಗುತ್ತೆ. 25ರಿಂದ 144ಕ್ಕೆ ಹೋದಾಗ 100 ಮೀಟರ್ ಪೈಪ್ 143 ಮಿ.ಮೀ. ಉದ್ದವಾಗುತ್ತೆ, ಐದೂವರೆ ಇಂಚಿಗೂ ಜಾಸ್ತಿ. ಆ ಬಲ ತಡೆಯೋಕೆ ಆಂಕರ್ ಬೇಕು. ಹಳೇ ಮನೆಯ ಮಣ್ಣಿನ ಗೋಡೆಗೆ ಬ್ರ್ಯಾಕೆಟ್ ಹೊಡೆದು ಅದನ್ನೇ ಆಂಕರ್ ಅಂದರೆ ಮೊದಲ ದಿನವೇ ಗೋಡೆ ಬಿರುಕು. ಬೇರೆ ಕಂಬವೇ ನೆಡಬೇಕು.

ಪೈಪ್ ಮೇಲಿಂದಲೇ ಹೋಗಲಿ. ಆ ಬೀದಿಗಳಲ್ಲಿ ಚರಂಡಿ, ನಲ್ಲಿ ಪೈಪ್, ಕೇಬಲ್ ಎಲ್ಲಾ ಇರುವಾಗ ಸ್ಟೀಮ್ ಪೈಪ್ ಹೂಳುವುದು ಬೇಡ. ಚರಂಡಿ ನೀರು ಇನ್ಸುಲೇಷನ್‌ಗೆ ಹೊಕ್ಕಿತೋ ಪೈಪ್ ಹೊರಗಿನಿಂದಲೇ ತಿಂದುಹೋಗುತ್ತೆ, ಯಾರಿಗೂ ಕಾಣಲ್ಲ. ರಸ್ತೆ ದಾಟುವ ಕಡೆ ಲಾರಿ ಎತ್ತರ ಬಿಡಿ. ಇನ್ನೊಂದು ಮಾತು: ಕೈಗೆಟುಕುವ ಎತ್ತರದಲ್ಲಿ ಅಲ್ಯೂಮಿನಿಯಂ ಹೊದಿಕೆ ಹಾಕಿದರೆ ಅದು ಗುಜರಿಗೆ ಹೋಗುತ್ತೆ. ಬಣ್ಣದ ಜಿಐ ಶೀಟ್ ಹಾಕಿ.

ಗಡಸುನೀರು

ಪೈಪ್, ಕಾಯಿಲ್ ಸರಿ. ನೀರಿನ ಬಗ್ಗೆ ಯಾರೂ ಮಾತಾಡಿಲ್ಲ.

ಚಿಕ್ಕಬಳ್ಳಾಪುರ, ಕೋಲಾರದ ಬೋರ್‌ವೆಲ್ ನೀರು ಗಡಸು, ಬೈಕಾರ್ಬನೇಟೂ ಜಾಸ್ತಿ. ಸಾಫ್ಟನರ್ ಗಡಸುತನ ತೆಗೆಯುತ್ತೆ, ಟಿಡಿಎಸ್ (ನೀರಲ್ಲಿ ಕರಗಿದ ಒಟ್ಟು ಲವಣ) ತೆಗೆಯಲ್ಲ, ಬೈಕಾರ್ಬನೇಟನ್ನೂ ತೆಗೆಯಲ್ಲ. ಉಳಿದ ಬೈಕಾರ್ಬನೇಟ್ ಬಾಯ್ಲರಿನೊಳಗೆ ಒಡೆದು ಇಂಗಾಲದ ಡೈಆಕ್ಸೈಡ್ ಆಗಿ ಸ್ಟೀಮ್ ಜೊತೆ ಹೋಗುತ್ತೆ, ಸ್ಟೀಮ್ ನೀರಾಗುವ ಕಡೆ ಅದರಲ್ಲಿ ಕರಗಿ ಆಮ್ಲ ಆಗುತ್ತೆ. ಹಾಗಾಗಿ ತೂತು ಬೀಳೋದು ಸ್ಟೀಮ್ ಪೈಪಲ್ಲ, ಹಾಗೆ ನೀರಾದ ಸ್ಟೀಮ್, ಅಂದರೆ ಕಂಡೆನ್ಸೇಟ್, ವಾಪಸ್ ಬರುವ ಪೈಪ್. ಕೊಟೇಶನ್ ಇಳಿಸಬೇಕು ಅಂತ ಅದನ್ನ ತೆಳು ಎಂಎಸ್ (ಸಾದಾ ಉಕ್ಕು) ಪೈಪಲ್ಲಿ ಹಾಕ್ತಾರೆ. ಅದನ್ನ ಎಸ್‌ಎಸ್ 304 ಸ್ಟೇನ್‌ಲೆಸ್ ಉಕ್ಕಿನಲ್ಲಿ ಹಾಕಿ, ದುಡ್ಡು ಬೇರೆಲ್ಲಾದರೂ ಉಳಿಸಿ.

ಕಂಡೆನ್ಸೇಟ್ ವಾಪಸ್ ತರಲೇಬೇಕು ಅನ್ನೋದಕ್ಕೆ ಲೆಕ್ಕ: ಶೆಲ್ ಬಾಯ್ಲರಿಗೆ ಟಿಡಿಎಸ್ ಮಿತಿ 3,500 ಇಟ್ಟುಕೊಳ್ಳಿ. ನಿಮ್ಮ ಬೋರಿನ ನೀರು 800. ಪೂರ್ತಿ ಹೊಸ ನೀರೇ ಹಾಕಿದರೆ ಬ್ಲೋಡೌನ್ (ಲವಣ ಮಿತಿ ದಾಟದಂತೆ ಹೊರಬಿಡುವ ಬಾಯ್ಲರ್ ನೀರು) 800 ಭಾಗಿಸು 2,700, ಅಂದರೆ ಸ್ಟೀಮಿನ ಶೇ. 30ರಷ್ಟು ಬಿಸಿನೀರು ಚರಂಡಿಗೆ. ಶೇ. 70 ಕಂಡೆನ್ಸೇಟ್ ವಾಪಸ್ ಬಂದರೆ ಫೀಡ್ ಟಿಡಿಎಸ್ 240ಕ್ಕೆ ಇಳಿಯುತ್ತೆ, ಬ್ಲೋಡೌನ್ ಶೇ. 7.4 ಸಾಕು. ಇದರ ಮೇಲೆ ಫೀಡ್ ನೀರು 6 ಡಿಗ್ರಿ ಬಿಸಿ ಆದಷ್ಟೂ ಶೇ. 1 ಸೌದೆ ಉಳಿತಾಯ.

ರೇಷ್ಮೆಗೆ ಮಾತ್ರ ಬರುವ ತೊಂದರೆ ಒಂದಿದೆ. ಕಾಯಿಲ್‌ನಲ್ಲಿ ಸೂಜಿ ತೂತು ಬಿದ್ದರೆ, ಸ್ಟೀಮ್ ನಿಂತು ಕಾಯಿಲ್ ತಣ್ಣಗಾದಾಗ ಒಳಗೆ ನಿರ್ವಾತ ಆಗಿ ಬೇಸಿನ್ ನೀರನ್ನ ಒಳಕ್ಕೆ ಎಳೆದುಕೊಳ್ಳುತ್ತೆ. ಆ ನೀರಲ್ಲಿ ಸೆರಿಸಿನ್, ಅಂದರೆ ಗೂಡಿನ ಅಂಟು. ಅದು ಬಾಯ್ಲರಿಗೆ ಹೋದರೆ ಸೋಪಿನ ಹಾಗೆ ನೊರೆ. ಗೇಜ್ ಗ್ಲಾಸಲ್ಲಿ ಮಟ್ಟ ಕುಣಿಯುತ್ತೆ, ನೀರು ಸ್ಟೀಮ್ ಜೊತೆಗೇ ಹಾರಿ ಲೈನಿಗೆ ಹೋಗುತ್ತೆ. 30 ಘಟಕದಲ್ಲಿ ಯಾರ ಕಾಯಿಲ್ ಅಂತ ಹುಡುಕೋದು ಒಂದು ದಿನದ ಕೆಲಸ. ಪ್ರತಿ ಘಟಕದ ಕಾಯಿಲ್ ತುದಿಗೆ ವ್ಯಾಕ್ಯೂಮ್ ಬ್ರೇಕರ್, ಟ್ರ್ಯಾಪ್ ಆದಮೇಲೆ ಒಂದು ಸ್ಯಾಂಪಲ್ ಕೊಳಾಯಿ. ವಾಪಸ್ ತೊಟ್ಟಿಗೆ ಬರುವ ಮುಂಚೆ ಕಂಡಕ್ಟಿವಿಟಿ ಪ್ರೋಬ್ ಹಾಕಿ, ಮಿತಿ ದಾಟಿದರೆ ತಾನೇ ಚರಂಡಿಗೆ ತಿರುಗುವ ವಾಲ್ವ್ ಇಡಿ. ಆದರೆ ಅಂಟು ಪ್ರೋಬಿಗೆ ಚೆನ್ನಾಗಿ ಕಾಣಲ್ಲ. ಬಾಟಲಿಯಲ್ಲಿ ಹಿಡಿದು ಅಲ್ಲಾಡಿಸಿ ನೊರೆ ನೋಡುವ ಪರೀಕ್ಷೆ ದಿನಾ ಮಾಡಬೇಕು.

ಕೆಲವರು ಕಾಯಿಲ್ ಬೇಡ, ಸ್ಟೀಮನ್ನ ನೇರ ನೀರಿಗೇ ಬಿಡ್ತೀವಿ ಅಂತಾರೆ. ಬಿಟ್ಟರೆ ಕಂಡೆನ್ಸೇಟ್ ಸೊನ್ನೆ, ಮೇಲಿನ ಶೇ. 30ರ ಕಥೆ. ಬಾಯ್ಲರ್ ಕೆಮಿಕಲ್ಲೂ ನೂಲಿಗೆ ಸೇರುತ್ತೆ.

ವಸಂತನರಸಾಪುರ ಯುಟಿಲಿಟಿ

ಕರೆಂಟಿನ ಪ್ರಶ್ನೆ ಹಾಗೇ ಉಳಿದಿದೆ, ಅದಕ್ಕೆ ಉತ್ತರ: ಶಿಡ್ಲಘಟ್ಟದಲ್ಲಿ ಬೇಡ.

10 ಬಾರ್ ಸ್ಟೀಮನ್ನ ಸಣ್ಣ ಟರ್ಬೈನಿನಲ್ಲಿ 3 ಬಾರಿಗೆ ಇಳಿಸಿದರೆ ಸಿದ್ಧಾಂತದಲ್ಲಿ ಕೆಜಿಗೆ 185 ಕಿಲೋಜೌಲ್ ಸಿಗುತ್ತೆ. ಆ ಗಾತ್ರದ ಯಂತ್ರದ ದಕ್ಷತೆ ಶೇ. 45. ಗಂಟೆಗೆ 2 ಟನ್ ಸ್ಟೀಮ್ ಇದ್ದರೂ 46 ಕಿಲೋವ್ಯಾಟ್. ನಿಮ್ಮದು ಅದರ ಅರ್ಧವೂ ಇಲ್ಲ, ದಿನಕ್ಕೆ 10 ಗಂಟೆ ಬೇರೆ. ಸೌದೆಯನ್ನ ಅನಿಲ ಮಾಡಿ ಓಡಿಸುವ ಗ್ಯಾಸಿಫೈಯರ್ ಇಂಜಿನ್ ಅಂತ ಯಾರಾದರೂ ಬಂದರೆ ಟಾರ್ ತೆಗೆಯೋದು ಯಾರು, ಒಂದೇ ಅಳತೆಯ ಒಣ ಸೌದೆ ದಿನಾ ಕೊಡೋದು ಯಾರು ಅಂತ ಮೊದಲು ಕೇಳಿ. ತುಮಕೂರು ಜಿಲ್ಲೆ ಕೊರಟಗೆರೆ ತಾಲೂಕಿನ ಕಬ್ಬಿಗೆರೆಯಲ್ಲಿ ಬೆರಿ ಯೋಜನೆಯಡಿ ಭಾರತೀಯ ವಿಜ್ಞಾನ ಸಂಸ್ಥೆಯ ತಂತ್ರಜ್ಞಾನದಲ್ಲಿ ಇಂಥ ಸ್ಥಾವರ ಗ್ರಿಡ್‌ಗೆ ಸೇರಿಸಿ ಓಡಿಸಿದ್ದಾರೆ, ಆಗದ ಕೆಲಸ ಅಂತಲ್ಲ. ಆದರೆ ಅದು ಸೌದೆ ಬೆಳೆಸುವುದರಿಂದ ಶುರುವಾಗುವ ಯೋಜನೆ. ಯಂತ್ರ ಕೊಂಡರೆ ಮುಗಿಯಲ್ಲ.

ಶಾಖ–ಕರೆಂಟ್ ಜೋಡಿಗೆ ಜಾಗ ಬೇರೆ. ವಸಂತನರಸಾಪುರದಂಥ ಕೈಗಾರಿಕಾ ಪ್ರದೇಶದಲ್ಲಿ ಅಕ್ಕಪಕ್ಕದ ನಾಲ್ಕೈದು ಕಾರ್ಖಾನೆಗೆ ಸೇರಿ ಗಂಟೆಗೆ 10 ಟನ್, ಹಗಲು ರಾತ್ರಿ ಬೇಕು ಅನ್ನಿ. 21 ಬಾರಿನಿಂದ 3 ಬಾರಿಗೆ ಇಳಿಸಿದರೆ ಕೆಜಿಗೆ 309 ಕಿಲೋಜೌಲ್, ಅರ್ಧಕ್ಕಿಂತ ಸ್ವಲ್ಪ ಕಡಿಮೆ ಕೈಗೆ ಬಂದರೂ 400 ಕಿಲೋವ್ಯಾಟ್. ವರ್ಷಕ್ಕೆ 7,200 ಗಂಟೆ ಓಡಿದರೆ 28.8 ಲಕ್ಷ ಯೂನಿಟ್. ಯೂನಿಟ್‌ಗೆ 7 ರೂ. ಹಿಡಿದರೆ 2 ಕೋಟಿ. ಅದಕ್ಕೆ ಹೆಚ್ಚುವರಿ ಬ್ರಿಕೆಟ್ (ಹೊಟ್ಟು, ಪುಡಿ ಒತ್ತಿ ಮಾಡಿದ ಇಂಧನದ ಗಟ್ಟಿ) ಸುಮಾರು 900 ಟನ್, ಟನ್ನಿಗೆ 7,000ದಂತೆ 63 ಲಕ್ಷ. ಉಳಿಕೆ 1.37 ಕೋಟಿ. ಟರ್ಬೈನು, ಜನರೇಟರು, ಹೆಚ್ಚಿನ ಒತ್ತಡದ ಬಾಯ್ಲರಿನ ವ್ಯತ್ಯಾಸ ಸೇರಿ 3 ಕೋಟಿ ಆದರೂ ಎರಡೂಕಾಲು ವರ್ಷದಲ್ಲಿ ವಾಪಸ್.

ಇಲ್ಲೊಂದು ಎಳೆದಾಟ ಇದೆ. ಟರ್ಬೈನಿಗೆ ಹೊರಹೋಗುವ ಒತ್ತಡ ಕಡಿಮೆ ಬೇಕು, ಪೈಪಿಗೆ ಜಾಸ್ತಿ ಬೇಕು. 10 ಟನ್ ಸ್ಟೀಮು 10 ಬಾರಿನಲ್ಲಿ 150 ಮಿ.ಮೀ. ಪೈಪಲ್ಲಿ ಹೋಗುತ್ತೆ, 3 ಬಾರಿನಲ್ಲಿ 250ರ ಪೈಪ್ ಬೇಕು. ಹಳೇ ಕಾಯ್ದೆಯ ವ್ಯಾಖ್ಯೆಯಲ್ಲಿ ಚದರ ಸೆಂ.ಮೀ.ಗೆ 3.5 ಕೆಜಿ ಮೀರಿದ ಒತ್ತಡ, ಇಲ್ಲವೇ 254 ಮಿ.ಮೀ. ಮೀರಿದ ಒಳವ್ಯಾಸ ಇದ್ದರೆ ಅದು 'ಸ್ಟೀಮ್ ಪೈಪ್', ತಪಾಸಣೆಗೆ ಬರುತ್ತೆ. ಷೆಡ್ಯೂಲ್ 40ರ 10 ಇಂಚಿನ ಪೈಪಿನ ಒಳವ್ಯಾಸ 254.5. ಅರ್ಧ ಮಿಲಿಮೀಟರಿಗೆ ಸಿಕ್ಕಿಬೀಳ್ತೀರಿ!

ರಾತ್ರಿ ಹೊರೆ 4 ಟನ್ನಿಗೆ ಇಳಿದರೆ ಕರೆಂಟೂ ಅದರ ಹಿಂದೆಯೇ ಇಳಿಯುತ್ತೆ, ಇನ್ನೂ ಕೆಟ್ಟ ದಕ್ಷತೆಯಲ್ಲಿ. ಹಾಗಾಗಿ ಟರ್ಬೈನ್ ಗಾತ್ರವನ್ನ ಗರಿಷ್ಠ ಹೊರೆಗೆ ಆರಿಸಬೇಡಿ, ವರ್ಷದ ಬಹುಪಾಲು ಗಂಟೆ ಇರುವ ಹೊರೆಗೆ ಆರಿಸಿ. ಮಿಕ್ಕಿದ್ದು ಪಕ್ಕದ ಪ್ರೆಷರ್ ರೆಡ್ಯೂಸರ್ ಮೂಲಕ ಹೋಗಲಿ. ಕರೆಂಟನ್ನ ಸದಸ್ಯ ಕಾರ್ಖಾನೆಗಳಿಗೆ ಹಂಚುವುದಾದರೆ 2005ರ ವಿದ್ಯುತ್ ನಿಯಮ 3ನ್ನು ಓದಿ: ಬಳಸುವವರ ಕೈಲಿ ಕನಿಷ್ಠ ಶೇ. 26 ಪಾಲು, ವರ್ಷದ ಉತ್ಪಾದನೆಯಲ್ಲಿ ಕನಿಷ್ಠ ಶೇ. 51 ಅವರ ಬಳಕೆ. ಒಂದು ವರ್ಷ ತಪ್ಪಿದರೆ ಆ ವರ್ಷಕ್ಕೆ ಕ್ಯಾಪ್ಟಿವ್ (ಸ್ವಂತ ಬಳಕೆಯ ಉತ್ಪಾದನೆ) ಸ್ಥಾನ ಹೋಯಿತು, ಕ್ರಾಸ್ ಸಬ್ಸಿಡಿ ಸರ್‌ಚಾರ್ಜ್ ತಲೆಗೆ ಬಂತು. ಬಾಯ್ಲರ್ ಮನೆಯ ಪಂಪು, ಫ್ಯಾನು, ಜಾಗ ಕೊಟ್ಟ ಕಾರ್ಖಾನೆ, ಇಷ್ಟರಲ್ಲೇ ಖರ್ಚಾಗುವ ಗಾತ್ರ ಹಾಕಿದರೆ ಬೆಸ್ಕಾಂ ತಂತಿ ಮೇಲೆ ಕಳಿಸುವ ತಾಪತ್ರಯವೇ ಇಲ್ಲ.

ಸಾಲದ ಕಡತ

ಇನ್ನು ದುಡ್ಡು. 30 ಘಟಕದ ಯೋಜನೆಗೆ ಕೊಟೇಶನ್ ಬರುವ ತನಕ ಇಟ್ಟುಕೊಳ್ಳುವ ಅಂಕಿ: ಬಾಯ್ಲರ್ ಮನೆ 110 ಲಕ್ಷ, ಪೈಪ್ ಮೀಟರಿಗೆ 9,000ದಂತೆ 81, ಘಟಕದ ಕಡೆ ಜೋಡಣೆ 42, ಸಿವಿಲ್ ಮತ್ತಿತರೆ 35, ಇದರ ಮೇಲೆ ಶೇ. 10. ಒಟ್ಟು 2.95 ಕೋಟಿ.

ಈಗಿನ ಸೌದೆ 1,350 ಟನ್, 67.5 ಲಕ್ಷ. ಜಾಲಕ್ಕೆ ಬೇಕಾಗುವ ಬ್ರಿಕೆಟ್ ಕೆಜಿಗೆ 7 ರೂ.ನಂತೆ 30.7 ಲಕ್ಷ. ನಡೆಸುವ ಖರ್ಚು 23 ಲಕ್ಷ. ಉಳಿಯೋದು 14 ಲಕ್ಷ. 2.95 ಕೋಟಿ ಹಾಕಿ ವರ್ಷಕ್ಕೆ 14 ಲಕ್ಷ ಅಂದರೆ 21 ವರ್ಷ. 

'ಅನುದಾನ ಇದೆಯಲ್ಲ' ಅಂತ ಮುಂದಿನ ಮಾತು ಬರುತ್ತೆ, ಗೊತ್ತು. ಕೇಂದ್ರದ ಎಂಎಸ್‌ಎಂಇ ಸಚಿವಾಲಯದ ಕ್ಲಸ್ಟರ್ ಯೋಜನೆಯ 2022ರ ಮಾರ್ಗಸೂಚಿಯಲ್ಲಿ ಸಾಮಾನ್ಯ ಸೌಲಭ್ಯ ಕೇಂದ್ರಕ್ಕೆ 5ರಿಂದ 10 ಕೋಟಿ ವೆಚ್ಚಕ್ಕೆ ಶೇ. 70, 10ರಿಂದ 30 ಕೋಟಿಗೆ ಶೇ. 60. ನಿಮ್ಮದು 5 ಕೋಟಿ ಮುಟ್ಟಲ್ಲ. ಮುಟ್ಟಿಸೋಕೆ ಅಂತ ಬೇಡದ ಬಾಯ್ಲರ್ ಸೇರಿಸಿ ಉಬ್ಬಿಸೋದು ಕೆಟ್ಟ ಕೆಲಸ. ಅನುದಾನದಲ್ಲಿ ಯಂತ್ರ ಬರುತ್ತೆ, ಅದನ್ನ ಓಡಿಸುವ ವರ್ಷ ವರ್ಷದ ಖರ್ಚು ಬರಲ್ಲ. ಗೂಡು ಒಣಗಿಸುವ ಚೇಂಬರು, ತ್ಯಾಜ್ಯ ನೀರಿನ ಶುದ್ಧೀಕರಣ ನಿಜವಾಗಿ ಬೇಕಿದ್ದರೆ ಸೇರಿಸಿ, ಆಗ ಅರ್ಜಿಗೆ ಅರ್ಥ ಇದೆ.

ಇದಕ್ಕಿಂತ ದೊಡ್ಡ ಆಕ್ಷೇಪ: ಹೋಲಿಕೆ ಮಾಡಿರೋದು ಅತಿ ಕೆಟ್ಟ ಒಲೆಯ ಜೊತೆ. ಶೇ. 25ರ ಒಲೆ ಬಿಟ್ಟು ಪ್ರತಿಯೊಬ್ಬರೂ ಶೇ. 40ರ ಸುಧಾರಿತ ಒಲೆ ಹಾಕಿಕೊಂಡರೆ 150 ಕೆಜಿ ಸೌದೆ 94 ಕೆಜಿಗೆ ಇಳಿಯುತ್ತೆ. ಆಗ ಜಾಲ ಉಳಿಸುವುದು ಏನು? ಒಲೆ ಕೆಟ್ಟದಾಗಿದ್ದಷ್ಟೂ ಜಾಲ ಚೆನ್ನಾಗಿ ಕಾಣುತ್ತೆ. ಬ್ಯಾಂಕಿನ ಮೇಜಿನ ಮೇಲೆ ಮೊದಲು ಬರುವ ಪ್ರಶ್ನೆ ಇದೇ.

ನೂಲುಬೀದಿ

ಒಪ್ಪಿದೆ ಸರ್. ಆದರೆ ಒಲೆ ಎಷ್ಟು ಸುಧಾರಿಸಿದರೂ ಅದರ ಮುಂದೆ ಒಬ್ಬರು ಕೂರಲೇಬೇಕು. ಸೌದೆ ಸೀಳೋದು, ತುಂಬೋದು, ಬೂದಿ ತೆಗೆಯೋದು, ಅರ್ಧ ಆಳಿನ ಕೆಲಸ. ದಿನಕ್ಕೆ 200 ರೂ. ಅಂದರೂ ವರ್ಷಕ್ಕೆ 60,000. ಅದನ್ನ ಲೆಕ್ಕಕ್ಕೆ ತಗೊಂಡಿಲ್ಲ.

ಸಾಲದ ಕಡತ

ತಗೋಬಹುದು, ಆ ಅರ್ಧ ಆಳು ನಿಜವಾಗಿ ಬೇರೆ ಬೇಸಿನ್‌ಗೆ ಹೋದರೆ ಮಾತ್ರ. ಅದೇ ಆಳು ಅಲ್ಲೇ ಕೂತಿದ್ದರೆ ಅದು ಕಾಗದದ ಉಳಿತಾಯ.

ಪೈಪ್‌ಲೆಕ್ಕ

ಹಾಗಾದರೆ ಜಾಲವನ್ನೇ ಕತ್ತರಿಸೋಣ. 30 ಬಿಡಿ. ಒತ್ತೊತ್ತಾಗಿರುವ 18 ಘಟಕ, 320 ಮೀಟರ್. ಶಾಖ 825 ಮೆಗಾವ್ಯಾಟ್ ಗಂಟೆ, ಮೀಟರಿಗೆ 2.6. ಬಿಸಿನೀರು ಬಿಟ್ಟು 3 ಬಾರ್ ಸ್ಟೀಮ್. ಗರಿಷ್ಠ 540 ಕಿಲೋವ್ಯಾಟ್ ಅಂದರೆ ಗಂಟೆಗೆ 910 ಕೆಜಿ. 80ರ ಪೈಪಲ್ಲಿ ಸೆಕೆಂಡಿಗೆ 25 ಮೀಟರಿನೊಳಗೆ ಹೋಗುತ್ತೆ. ಒತ್ತಡ 3.5ರ ಕೆಳಗೆ, ವ್ಯಾಸವೂ ಸಣ್ಣದು, ಹಾಗಾಗಿ ಬೀದಿಯ ಪೈಪು ಮೇಲೆ ಹೇಳಿದ 'ಸ್ಟೀಮ್ ಪೈಪ್' ವ್ಯಾಖ್ಯೆಗೆ ಬರಲ್ಲ, ಬಾಯ್ಲರ್ ಮಾತ್ರ ಬರುತ್ತೆ. ಅದಕ್ಕಾಗಿ ವೆಲ್ಡಿಂಗ್ ಕಳಪೆ ಮಾಡಿ ಅಂತ ಅರ್ಥ ಅಲ್ಲ.

ಗಂಟೆಗೆ 600 ಕೆಜಿಯ ಎರಡು ಬಾಯ್ಲರ್, ಫಿಲ್ಟರ್, ಸಾಫ್ಟನರ್ ಸೇರಿ 55 ಲಕ್ಷ, ಪೈಪ್ 21, ಘಟಕದ ಕಡೆ 16, ಶೆಡ್ಡು, ಚಿಮಣಿ, ಕರೆಂಟು 25, ಮೇಲೆ ಶೇ. 10. ಒಟ್ಟು 1.29 ಕೋಟಿ.

ಬೆಳಗಿನ ಗರಿಷ್ಠ ಇನ್ನೂ ಇಳಿಸೋಕೆ ದುಡ್ಡೇ ಬೇಡ: ಅರ್ಧ ಘಟಕ 6ಕ್ಕೆ, ಅರ್ಧ 7ಕ್ಕೆ ಶುರು ಮಾಡಲಿ.

ಸಾಲದ ಕಡತ

ಈಗಿನ ಸೌದೆ 40.5 ಲಕ್ಷ. ಜಾಲದ ಸೋರಿಕೆ, ಬ್ಲೋಡೌನ್ ಸೇರಿಸಿ ಬ್ರಿಕೆಟ್ 274 ಟನ್, 19.2 ಲಕ್ಷ. ನಡೆಸುವ ಖರ್ಚು 13. ಉಳಿಕೆ 8.3 ಲಕ್ಷ, ಆಳಿನ 10.8 ಸೇರಿಸಿದರೆ 19.1. ಶೇ. 70 ಸಾಲ, ಅಂದರೆ 90 ಲಕ್ಷ, ಶೇ. 10.5 ಬಡ್ಡಿ, 10 ವರ್ಷ: ವರ್ಷಕ್ಕೆ ಕಂತು 15 ಲಕ್ಷ. ಆಳಿನ ಉಳಿತಾಯ ನಿಜವಾದರೆ ಕಂತಿನ 1.27 ಪಟ್ಟು ಬರುತ್ತೆ, ಅಂಚಿನಲ್ಲಿ ಪಾಸ್. ನಿಜವಾಗದಿದ್ದರೆ 0.55. ಎಲ್ಲರೂ ಶೇ. 40ರ ಒಲೆಗೆ ಹೋದರೆ ಆಳು ಸೇರಿಸಿದರೂ 4 ಲಕ್ಷ, ಅಲ್ಲಿಗೆ ಕಡತ ಮುಚ್ಚಿ.

ದರ ಕಟ್ಟೋದು ಹೀಗೆ. ಕಂತು ಮತ್ತು ನಡೆಸುವ ಖರ್ಚು, ಒಟ್ಟು 28 ಲಕ್ಷ, ಗೂಡು ಬಂದರೂ ಬರದಿದ್ದರೂ ಕಟ್ಟಬೇಕಾದ್ದು. ಅದನ್ನ 18 ಜನ ತಿಂಗಳಿಗೆ ತಲಾ 12,960 ರೂ. ನಿಗದಿ ಶುಲ್ಕವಾಗಿ ಕೊಡಬೇಕು. ಇಂಧನ ಮಾತ್ರ ಬಳಕೆ ಮೇಲೆ, ಯೂನಿಟ್ ಶಾಖಕ್ಕೆ 2.33 ರೂ. ಎಲ್ಲವನ್ನೂ ಯೂನಿಟ್ ದರದಲ್ಲೇ ಸೇರಿಸಿ 5.72 ಅಂತ ಇಟ್ಟರೆ ಸದಸ್ಯರಿಗೆ ಹಿತ. ಆದರೆ ಗೂಡಿನ ರೇಟ್ ಏರಿ ರೀಲರ್‌ಗಳು ಎರಡು ತಿಂಗಳು ಒಲೆ ಆರಿಸಿದರೆ ಸಂಘ ಕಂತು ತಪ್ಪಿಸುತ್ತೆ. ಇಂಥ ಜಾಲಕ್ಕೆ ಇರುವ ದೊಡ್ಡ ಅಪಾಯ ಬಾಯ್ಲರಲ್ಲ, ಗೂಡಿನ ಮಾರುಕಟ್ಟೆ.

ಒಪ್ಪಂದದಲ್ಲಿ ಇರಲೇಬೇಕಾದ್ದು: 10 ವರ್ಷದ ಬದ್ಧತೆ, ಮೂರು ತಿಂಗಳ ನಿಗದಿ ಶುಲ್ಕ ಠೇವಣಿ, ಬ್ರಿಕೆಟ್ ಬೆಲೆಗೆ ಜೋಡಿಸಿದ ಇಂಧನ ದರ. ಬಾಡಿಗೆ ಕಟ್ಟಡದಲ್ಲಿರುವ ರೀಲರ್ ಇದ್ದರೆ ಮಾಲೀಕರ ಸಹಿಯೂ ಬೇಕು. ಬಾಡಿಗೆಯವರು ಬಿಟ್ಟುಹೋದಾಗ ಕಾಯಿಲ್, ಟ್ರ್ಯಾಪ್ ಯಾರದ್ದು ಅನ್ನೋ ಜಗಳ ಆಗ ಬರಲ್ಲ.

ಯುರೋಪಿನ ಮಾತು ಶುರುವಿನಲ್ಲೇ ಬಂತು. ಡೆನ್ಮಾರ್ಕಿನಲ್ಲಿ ಸುಮಾರು ಮೂರನೇ ಎರಡು ಭಾಗ ಮನೆಗಳಿಗೆ ಇಂಥ ಜಾಲದ ಬಿಸಿನೀರು. ಅದಕ್ಕೆ ಪೈಪಿನಷ್ಟೇ ಕಾರಣ 1979ರ ಶಾಖ ಪೂರೈಕೆ ಕಾನೂನು: ಯಾವ ಪ್ರದೇಶಕ್ಕೆ ಯಾವ ಶಾಖ ಅಂತ ಪಟ್ಟಣಸಭೆಗಳು ಯೋಜನೆ ಮಾಡಿದವು, ಸಂಸ್ಥೆ ಖರ್ಚಿಗಿಂತ ಹೆಚ್ಚು ವಸೂಲಿ ಮಾಡುವಂತಿಲ್ಲ, ಪಟ್ಟಣಸಭೆಯ ಗ್ಯಾರಂಟಿ ಮೇಲೆ ಕಡಿಮೆ ಬಡ್ಡಿಯ ದೀರ್ಘಾವಧಿ ಸಾಲ. ನಮ್ಮಲ್ಲಿ ಆ ಗ್ಯಾರಂಟಿಯ ಜಾಗದಲ್ಲಿ ಇರೋದು ಆ 18 ಸಹಿ ಮಾತ್ರ.

ಬಾಯ್ಲರ್ ಸೈಡ್

ಮೀಟರಿನ ವಿಷಯ. ಸಣ್ಣ ಸಣ್ಣ ಘಟಕಕ್ಕೆ ಸ್ಟೀಮ್ ಮೀಟರ್ ಹಾಕಿದರೆ ಖರ್ಚೂ ಜಾಸ್ತಿ, ಕಡಿಮೆ ಹರಿವಲ್ಲಿ ತಪ್ಪೂ ಜಾಸ್ತಿ. ಕಂಡೆನ್ಸೇಟ್ ಅಳೆಯಿರಿ. ದಿನಕ್ಕೆ 153 ಯೂನಿಟ್ ಅಂದರೆ ಸುಮಾರು 258 ಕೆಜಿ ನೀರು, ಸಾದಾ ಬಿಸಿನೀರಿನ ಮೀಟರ್ ಸಾಕು. ಆದರೆ ಟ್ರ್ಯಾಪ್ ಮತ್ತು ಮೀಟರಿನ ನಡುವೆ ಯಾವ ಕೊಳಾಯಿಯೂ ಇರಬಾರದು. ಇದ್ದರೆ ಆ ಶುದ್ಧ ಬಿಸಿನೀರು ಬಕೆಟ್ಟಿಗೆ ಹೋಗುತ್ತೆ, ಬಿಲ್ಲಿಗೆ ಬರಲ್ಲ. ಸ್ಯಾಂಪಲ್ ಕೊಳಾಯಿ ಮೀಟರ್ ದಾಟಿದ ಮೇಲೆ ಇರಲಿ, ಅದಕ್ಕೊಂದು ಸೀಲ್.

ಶುರುವಿನಲ್ಲಿ ಬರುವ ದೂರು 'ನಮ್ಮ ಬೇಸಿನ್ ಬಿಸಿನೇ ಆಗ್ತಿಲ್ಲ'. ನೂರಕ್ಕೆ ತೊಂಬತ್ತು ಸಲ ಕಾಯಿಲ್ ತುಂಬ ನೀರು ನಿಂತಿರುತ್ತೆ. 45 ಡಿಗ್ರಿ ಬೇಸಿನ್ನಿನ ಥರ್ಮೋಸ್ಟ್ಯಾಟಿಕ್ ವಾಲ್ವ್ ಸ್ಟೀಮನ್ನ ಹಿಡಿದಾಗ ಕಾಯಿಲ್ ಒಳಗಿನ ಒತ್ತಡ ವಾಪಸ್ ಪೈಪಿಗಿಂತ ಕೆಳಗೆ ಹೋಗುತ್ತೆ, ನೀರು ಮುಂದೆ ಹೋಗಲ್ಲ. ಉಪಾಯ: ಟ್ರ್ಯಾಪ್ ಆದ ತಕ್ಷಣ ಪೈಪನ್ನ ಮೇಲಕ್ಕೆ ಏರಿಸಬೇಡಿ. ನೀರು ಇಳಿಜಾರಿನಲ್ಲಿ ಬೀದಿಗೊಂದು ಗಾಳಿ ಕಿಂಡಿ ಇರುವ ತೊಟ್ಟಿಗೆ ಬೀಳಲಿ, ಅಲ್ಲಿಂದ ಪಂಪ್ ಎತ್ತಲಿ. ಕಾಯಿಲ್‌ಗೆ ಫ್ಲೋಟ್ ಟ್ರ್ಯಾಪ್, ಬೀದಿ ಲೈನಿನ ಡ್ರಿಪ್ ಪಾಕೆಟ್‌ಗೆ ಥರ್ಮೋಡೈನಮಿಕ್ ಟ್ರ್ಯಾಪ್. ಅದಲು ಬದಲು ಮಾಡಬೇಡಿ.

ಬೆಳಿಗ್ಗೆ ತಣ್ಣಗಿರುವ ಲೈನಿಗೆ ಮುಖ್ಯ ವಾಲ್ವ್ ಒಂದೇ ಸಲ ತೆರೆಯೋದು ಬೇಡ. ಎಲ್ಲ ಡ್ರೈನ್ ತೆರೆದು, ಬೈಪಾಸಿನಲ್ಲಿ ಕಾಲು ಗಂಟೆ ಬೆಚ್ಚಗಾಗಿಸಿ. ಢಬ್ ಢಬ್ ಸದ್ದು ಬಂದರೆ ಅದು ವಾಟರ್ ಹ್ಯಾಮರ್. ಗ್ಯಾಸ್ಕೆಟ್ ಹಾರೋದು, ಬೆಂಡ್ ಸೀಳೋದು ಆಗಲೇ. ಕೆಳಗೆ ಜನ ಓಡಾಡುವ ಬೀದಿ ಅನ್ನೋದು ನೆನಪಿರಲಿ.

ಹಳೇ ಒಲೆಗಳನ್ನ ಮೊದಲ ಒಂದು ವರ್ಷ ಒಡೆಯಬೇಡಿ. ಎರಡು ಬಾಯ್ಲರಲ್ಲಿ ಒಂದು ತಪಾಸಣೆಗೆ ನಿಂತಾಗ ಇನ್ನೊಂದು ಗಂಟೆಗೆ 600 ಕೆಜಿ ಮಾತ್ರ ಕೊಡುತ್ತೆ. ಬೇಯುತ್ತಿರುವ ಗೂಡು ಕಾಯಲ್ಲ.

ನೂಲುಬೀದಿ

ಸರಿ, ಮೊದಲು ಏನು ಮಾಡೋದು ಅಂತ ಹೇಳಿ.

ಪೈಪ್‌ಲೆಕ್ಕ

ಸೌದೆ ತೂಗಿ. ಮೇಲಿನ ಲೆಕ್ಕವೆಲ್ಲ 150 ಕೆಜಿ ಮತ್ತು ಶೇ. 25 ಅನ್ನೋ ಎರಡು ಊಹೆ ಮೇಲೆ ನಿಂತಿದೆ. 18ರಲ್ಲಿ ಆರು ಘಟಕ ಆರಿಸಿ: ಎರಡು ಮಲ್ಟಿ ಎಂಡ್, ನಾಲ್ಕು ಕಾಟೇಜ್. 14 ದಿನ ಬೆಳಿಗ್ಗೆ ಸೌದೆ ತೂಗಿ ಇಡಿ, ಸಂಜೆ ಉಳಿದದ್ದು ತೂಗಿ. ಅದರಲ್ಲಿ ಒಂದು ಕೆಜಿಯಷ್ಟು ಚೂರನ್ನ ಒಣಗಿಸಿ ತೇವ ಎಷ್ಟು ನೋಡಿ. ಹಸಿ ಸೌದೆ ಆದರೆ 3,500 ಬರಲ್ಲ. ಬೇಸಿನ್‌ಗೆ ದಿನಕ್ಕೆ ಹಾಕಿದ ನೀರು ಎಷ್ಟು ಲೀಟರ್, ಹಾಕುವಾಗ ಎಷ್ಟು ಡಿಗ್ರಿ, ಎಷ್ಟು ಸಲ ಬದಲಿಸಿದರು, ಇವನ್ನೂ ಬರೆಯಿರಿ. ಅದರಿಂದ ನೀರಿಗೆ ಸೇರಿದ ಶಾಖ ಗೊತ್ತಾಗುತ್ತೆ, ಒಲೆಯ ನಿಜವಾದ ದಕ್ಷತೆ ತಾನೇ ಹೊರಬರುತ್ತೆ. ಬೇಯಿಸುವ ಬೇಸಿನ್ ಬೇರೆ, ನೂಲಿನ ಬೇಸಿನ್ ಬೇರೆ ಕಾಲಂ. ಕುದಿಯುವ ತೊಟ್ಟಿಯಿಂದ ಆವಿಯಾಗಿ ಹೋದದ್ದು ಮರೆಯಬೇಡಿ, ಲೀಟರಿಗೆ 540 ಕಿಲೋಕ್ಯಾಲರಿ ಅದು.

ಸಾಲದ ಕಡತ

ಅದೇ ಹಾಳೆಯಲ್ಲಿ ಒಲೆ ಮುಂದೆ ಯಾರು ಎಷ್ಟು ಹೊತ್ತು ಕೂತಿದ್ದರು ಅಂತ ಇನ್ನೊಂದು ಕಾಲಂ ಹಾಕಿ. 1.27 ನಿಂತಿರೋದು ಅದರ ಮೇಲೆ.

ಗಡಸುನೀರು

ಹಾಗೇ ಬಾಯ್ಲರ್ ಮನೆ ಬರುವ ಜಾಗದ ಬೋರಿನಿಂದ ಎರಡು ಲೀಟರ್ ನೀರು ಲ್ಯಾಬಿಗೆ: ಗಡಸುತನ, ಟಿಡಿಎಸ್, ಕ್ಷಾರತೆ, ಸಿಲಿಕಾ. ಮಳೆಗಾಲದಲ್ಲಿ ಒಂದು, ಏಪ್ರಿಲ್‌ನಲ್ಲಿ ಒಂದು. ಏಪ್ರಿಲ್‌ನ ಅಂಕಿ ಹಿಡಿದು ಸಾಫ್ಟನರ್ ಆರಿಸಿ.